ಕೃಷ್ಣೆಯನ್ನು ದಾಟಿಹೋದ ಡ್ಯೂಕ್

ಈ ಸಲದ ಸಂಚಿಕೆಗೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ನನ ಜೀವನಚರಿತ್ರೆಯನ್ನು ಬರೆಯುವೆನೆಂದು ನಾನು ಹೇಳಿದಾಗ ನನ್ನ ಸಹಪಾಠಿಗಳಲ್ಲಿ ಕೆಲವರು ಮುಖ ಸಿಂಡರಿಸಿದರು. ಕಿತ್ತೂರ ಚೆನ್ನಮ್ಮನ ಜಿಲ್ಲೆಯಲ್ಲಿ ಹುಟ್ಟಿ, ಸಂಗೊಳ್ಳಿ ರಾಯಣ್ಣನ ಹಾಡು ಕೇಳುತ್ತ ಬೆಳೆದವನು ಆಂಗ್ಲ ಸರದಾರನೊಬ್ಬನ ಗುಣಗಾನ ಮಾಡುವುದೇ ಎಂದು ಅವರ ಆಕ್ಷೇಪ. ಆ ಆಕ್ಷೇಪದಲ್ಲಿ ನ್ಯಾಯವಿಲ್ಲವೆಂದು ನಾನು ಹೇಳಲಾರೆ. ಆದರೆ ಗುಣಗಾನ ಮಾಡುವುದು ನನ್ನ ಉದ್ದೇಶವಲ್ಲ. ನಮ್ಮನ್ನು ಗೆದ್ದವನ ಬಾಳನ್ನು ನಾವು ಹೇಗೆ ಓದಬೇಕು ಎಂಬ ಪ್ರಶ್ನೆ ಬಹಳ ದಿನಗಳಿಂದ ನನ್ನನ್ನು ಕಾಡುತ್ತಿದೆ. ಅದಕ್ಕೆ ಉತ್ತರ ಹುಡುಕುವ ಸಣ್ಣ ಪ್ರಯತ್ನವಿದು.

ಪ್ರಶ್ನೆ ಹುಟ್ಟಿದುದು ಇತಿಹಾಸದ ತರಗತಿಯಲ್ಲಿ. ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾಪತಿಯು ಅದಕ್ಕೆ ಹನ್ನೆರಡು ವರ್ಷ ಮೊದಲು ನಮ್ಮ ಸೀಮೆಯ ಮೇಲೆಯೇ ದಂಡು ನಡೆಸಿಕೊಂಡು ಮೀರಜಕ್ಕೆ ಹೋಗಿದ್ದನೆಂದು ನಮ್ಮ ಅಧ್ಯಾಪಕರು ಒಂದು ದಿನ ಹೇಳಿದರು. ನಾನು ಹೊಳೆಸಾಲಿನ ಒಕ್ಕಲಿನ ಮನೆಯವನು. ಮಳೆಗಾಲದಲ್ಲಿ ಕಲ್ಲೋಳ–ಯಡೂರು ಸೇತುವೆ ಮುಳುಗಿತೆಂದರೆ ಈಚೆಯವರು ಈಚೆ, ಆಚೆಯವರು ಆಚೆ. ಸೇತುವೆಯೇ ಇಲ್ಲದ ಕಾಲದಲ್ಲಿ ಸಾವಿರಾರು ಜನ, ಕುದುರೆ, ಎತ್ತು, ತೋಪುಗಳನ್ನು ಕಟ್ಟಿಕೊಂಡು ಒಬ್ಬನು ಈ ಕೃಷ್ಣೆಯನ್ನು ದಾಟಿದನೆಂದರೆ ಅವನು ಎಂಥವನಿರಬೇಕು ಎಂದು ಕುತೂಹಲವಾಯಿತು. ಅಂದಿನಿಂದ ಸಿಕ್ಕಿದ ಪುಸ್ತಕಗಳನ್ನೆಲ್ಲ ಓದತೊಡಗಿದೆನು.

ಆರ್ಥರ್ ವೆಲ್ಲೆಸ್ಲಿಯು 1769ರಲ್ಲಿ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಹುಟ್ಟಿದನು. ತಂದೆ ಮಾರ್ನಿಂಗ್ಟನ್ನಿನ ಅರ್ಲ್ ಎಂಬ ಪದವಿಯುಳ್ಳ ಶ್ರೀಮಂತ. ಸಂಗೀತದಲ್ಲಿ ಒಳ್ಳೆಯ ಹೆಸರು ಪಡೆದವನು. ಮನೆತನ ದೊಡ್ಡದು, ಆದರೆ ಕೈಯಲ್ಲಿ ಕಾಸು ಕಡಿಮೆ. ನಮ್ಮ ಕಡೆಯ ಹಳೆಯ ವಾಡೆಗಳ ದೇಸಾಯರ ಸ್ಥಿತಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹನ್ನೆರಡನೆಯ ವಯಸ್ಸಿಗೆ ತಂದೆ ತೀರಿಕೊಂಡನು. ಅಣ್ಣ ರಿಚರ್ಡನು ಜಾಣ, ವಾಗ್ಮಿ. ಮನೆಯ ಆಸೆಯೆಲ್ಲ ಅವನ ಮೇಲೆ. ಆರ್ಥರನೋ ಮಂಕು ಹುಡುಗ. ಈಟನ್ ಶಾಲೆಯಲ್ಲಿ ಮೂರು ವರ್ಷ ಓದಿಯೂ ಹೆಸರು ಗಳಿಸಲಿಲ್ಲ. ಯಾವ ಕೆಲಸಕ್ಕೂ ಬಾರದವನೆಂದು ತಾಯಿಯೇ ಬೇಸತ್ತು ಅವನನ್ನು ಸೈನ್ಯಕ್ಕೆ ಸೇರಿಸಿದಳು. ಆ ಕಾಲದಲ್ಲಿ ಇಂಗ್ಲಿಷ್ ಸೈನ್ಯದ ಅಧಿಕಾರಪದವಿಗಳು ಹಣಕ್ಕೆ ದೊರೆಯುತ್ತಿದ್ದವು. ಅಣ್ಣನಿಂದ ಸಾಲ ಪಡೆದು ಮೆಟ್ಟಿಲು ಮೆಟ್ಟಿಲಾಗಿ ಪದವಿಗಳನ್ನು ಕೊಂಡು, ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅವನು 33ನೆಯ ಪಲ್ಟಣದ ಲೆಫ್ಟಿನೆಂಟ್ ಕರ್ನಲ್ ಆದನು.

ಅದೇ 1793ರಲ್ಲಿ ಅವನಿಗೆ ಒಂದು ಪೆಟ್ಟು ಬಿದ್ದಿತು. ಕಿಟ್ಟಿ ಪಾಕನ್‌ಹ್ಯಾಮ್ ಎಂಬ ತರುಣಿಯ ಕೈಹಿಡಿಯಲು ಕೇಳಿದಾಗ, ಆಸ್ತಿಪಾಸ್ತಿಯಿಲ್ಲದ ಕಿರಿಯ ಮಗನಿಗೆ ಹೆಣ್ಣು ಕೊಡಲು ಅವಳ ಮನೆಯವರು ಒಪ್ಪಲಿಲ್ಲ. ತಂದೆಯಿಂದ ಬಂದ ಸಂಗೀತದ ಒಲವಿನಿಂದ ಅವನು ಪಿಟೀಲು ಬಾರಿಸುತ್ತಿದ್ದನು. ಆ ಪಿಟೀಲನ್ನು ಸುಟ್ಟುಹಾಕಿದನು. ಮತ್ತೆಂದೂ ಅದನ್ನು ಮುಟ್ಟಲಿಲ್ಲ. ಅಲ್ಲಿಂದಾಚೆಗೆ ಅವನ ಮನಸ್ಸೆಲ್ಲ ಕಸುಬಿನ ಮೇಲೆ ನಿಂತಿತು. ಫ್ಲಾಂಡರ್ಸಿನ ಯುದ್ಧಕ್ಕೆ ಹೋಗಿ, ಮೇಲಧಿಕಾರಿಗಳ ಅವ್ಯವಸ್ಥೆಯಿಂದ ಸೈನಿಕರು ಹಸಿವು ಚಳಿಗಳಿಂದ ಸಾಯುವುದನ್ನು ಕಣ್ಣಾರೆ ಕಂಡನು. ದಂಡು ನಡೆಸುವಾಗ ಏನನ್ನು ಮಾಡಬಾರದೆಂಬ ಪಾಠ ಅವನಿಗೆ ಅಲ್ಲಿ ದೊರೆಯಿತು. ಏನನ್ನು ಮಾಡಬೇಕೆಂಬ ಪಾಠವನ್ನು ಅವನು ಕಲಿತದ್ದು ನಮ್ಮ ನಾಡಿನಲ್ಲಿ.

1797ರಲ್ಲಿ ಅವನು ಕಲಕತ್ತೆಗೆ ಬಂದಿಳಿದನು. ಹಡಗಿನಲ್ಲಿ ಹಿಂದುಸ್ತಾನದ ಇತಿಹಾಸ, ಕಾನೂನು, ಯುದ್ಧಕಲೆಗಳನ್ನು ಕುರಿತ ಪುಸ್ತಕಗಳ ಪೆಟ್ಟಿಗೆಯನ್ನೇ ಹೊತ್ತು ತಂದಿದ್ದನು. ಶಾಲೆಯಲ್ಲಿ ಮಂಕಾಗಿದ್ದ ಹುಡುಗನು ಓದುಗನಾದುದು ಇಪ್ಪತ್ತೇಳನೆಯ ವಯಸ್ಸಿಗೆ. ನಮ್ಮಲ್ಲಿ ಪರೀಕ್ಷೆಯ ಅಂಕಗಳನ್ನು ನೋಡಿ ಎದೆಗುಂದಿದವರು ಈ ಮಾತನ್ನು ನೆನಪಿನಲ್ಲಿಡಬಹುದು. ಮರುವರ್ಷ ಅಣ್ಣ ರಿಚರ್ಡನೇ ಗವರ್ನರ್ ಜನರಲ್ ಆಗಿ ಬಂದನು. ತಮ್ಮನ ಏಳಿಗೆಗೆ ಅಣ್ಣನ ಅಧಿಕಾರವು ದೊಡ್ಡ ಆಸರೆಯಾಯಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಅದಕ್ಕೆ ಒಂದು ತಿಂಗಳ ಹಿಂದೆ ಸುಲ್ತಾನಪೇಟೆಯ ತೋಪಿನಲ್ಲಿ ರಾತ್ರಿ ದಾಳಿಗೆ ಹೋದ ಆರ್ಥರನು ಕತ್ತಲಲ್ಲಿ ದಾರಿತಪ್ಪಿ, ಪೆಟ್ಟುತಿಂದು, ಹಿಂದೆ ಬಂದಿದ್ದನು. ಮುಂಚೆ ನೆಲವನ್ನು ನೋಡಿಕೊಳ್ಳದೆ ರಾತ್ರಿ ದಾಳಿಗೆ ಹೋಗಬಾರದೆಂದು ಅಂದೇ ನಿಶ್ಚಯಿಸಿದನು. ಕೋಟೆಯನ್ನು ಏರಿ ಗೆದ್ದವನು ಬೇರ್ಡ್ ಎಂಬ ಹಿರಿಯ ಸೇನಾನಿ. ಆದರೆ ಪಟ್ಟಣದ ಆಡಳಿತ ಬಂದುದು ಗವರ್ನರ್ ಜನರಲ್ಲನ ತಮ್ಮನಿಗೆ. ಬೇರ್ಡನು ಇದನ್ನು ಬಹುಕಾಲ ಮರೆಯಲಿಲ್ಲ. ಗೆದ್ದ ಸೈನಿಕರು ಊರನ್ನು ಸುಲಿಯುತ್ತಿರಲು, ವೆಲ್ಲೆಸ್ಲಿಯು ಸುಲಿಗೆಗಾರರಲ್ಲಿ ಕೆಲವರನ್ನು ಗಲ್ಲಿಗೇರಿಸಿ ಊರಿಗೆ ಶಾಂತಿಯನ್ನು ತಂದನು. ಅದೇ ಶ್ರೀರಂಗಪಟ್ಟಣದ ಭಂಡಾರವನ್ನು ಹಂಚಿದಾಗ ಅವನ ಪಾಲಿಗೂ ಸುಮಾರು 4,000 ಪೌಂಡು ಬಂದಿತು. ಬೀದಿಯಲ್ಲಿ ಸುಲಿದ ಸಿಪಾಯಿಗೆ ಹಗ್ಗ, ಲೆಕ್ಕ ಬರೆದು ಹಂಚಿಕೊಂಡವರಿಗೆ ಬಹುಮಾನ! ಚರಿತ್ರೆಯನ್ನು ಓದುವಾಗ ಇಂಥ ಜಾಗಗಳಲ್ಲಿ ನಾವು ಸ್ವಲ್ಪ ನಿಲ್ಲಬೇಕು.

ದರಿಯಾ ದೌಲತ್ ಅರಮನೆಯಲ್ಲಿ ಅವನು ವಾಸಮಾಡಿದನು. ದಿವಾನ್ ಪೂರ್ಣಯ್ಯನವರ ದಕ್ಷತೆಯನ್ನು ಬಹುವಾಗಿ ಮೆಚ್ಚಿಕೊಂಡು, ದವಸ, ಎತ್ತು, ರಸ್ತೆ, ಸೇತುವೆಗಳ ಲೆಕ್ಕವನ್ನೆಲ್ಲ ಅವರೊಡನೆ ಕುಳಿತು ನಡೆಸಿದನು.

ಇನ್ನು ನಮ್ಮ ಕಡೆಯ ಕತೆ. ಟಿಪ್ಪುವಿನ ಸೆರೆಮನೆಯಿಂದ ಬಿಡುಗಡೆ ಹೊಂದಿದ ಧೋಂಡಿಯ ವಾಘನೆಂಬ ಚನ್ನಗಿರಿಯ ವೀರನು ಕುದುರೆಸವಾರರ ದಂಡು ಕಟ್ಟಿ, ತಾನು ಎರಡು ಲೋಕಗಳ ಒಡೆಯನೆಂದು ಬಿರುದು ಧರಿಸಿ, ತುಂಗಭದ್ರೆಯಿಂದ ಮಲಪ್ರಭೆಯವರೆಗೆ ತಲ್ಲಣವನ್ನು ಎಬ್ಬಿಸಿದ್ದನು. 1800ರ ಮಳೆಗಾಲದಲ್ಲಿ ವೆಲ್ಲೆಸ್ಲಿಯು ಅವನ ಬೆನ್ನು ಹತ್ತಿದನು. ರಾಣೆಬೆನ್ನೂರು ಬಿದ್ದಿತು, ಡಂಬಳ ಬಿದ್ದಿತು. ಜುಲೈ 30ರಂದು ಮುನವಳ್ಳಿಯ ಹತ್ತಿರ ಧೋಂಡಿಯನ ಸರಂಜಾಮಿನ ಮೇಲೆ ಬಿದ್ದಾಗ, ತುಂಬಿ ಹರಿಯುತ್ತಿದ್ದ ಮಲಪ್ರಭೆಯೊಳಕ್ಕೆ ಸಾವಿರಾರು ಜನರು ಅಟ್ಟಲ್ಪಟ್ಟರು. ಕಡೆಗೆ ಸಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಧೋಂಡಿಯನು ಹೋರಾಡುತ್ತ ಸತ್ತನು. ಅವನ ಡೇರೆಯ ಸಾಮಾನುಗಳ ನಡುವೆ ಒಂದು ಪುಟ್ಟ ಗಂಡುಮಗು ಸಿಕ್ಕಿತು. ಹೆಸರು ಸಲಾಬತ್ ಖಾನ್. ವೆಲ್ಲೆಸ್ಲಿಯು ಆ ಮಗುವನ್ನು ತನ್ನ ಡೇರೆಗೆ ತಂದು ಸಾಕಿ, ದೇಶಬಿಟ್ಟು ಹೋಗುವಾಗ ಅದರ ಪೋಷಣೆಗೆ ಹಣವನ್ನಿಟ್ಟು ಹೋದನು. ಹುಡುಗನು ಬೆಳೆದು ಮೈಸೂರು ಅರಸರ ಸೇವೆಯಲ್ಲಿದ್ದು 1822ರಲ್ಲಿ ಕಾಲರಾದಿಂದ ತೀರಿಕೊಂಡನು. ಹೊಳೆಗೆ ಬಿದ್ದವರು ಮತ್ತು ಡೇರೆಯಲ್ಲಿ ಉಳಿದ ಮಗು ಎರಡೂ ಒಬ್ಬನ ಚರಿತ್ರೆಯಲ್ಲಿಯೇ ಇವೆ.

ಈ ಬೆನ್ನಟ್ಟುವಿಕೆಯಲ್ಲಿ ಅವನು ಒಂದು ಸತ್ಯವನ್ನು ಕಂಡುಕೊಂಡನು. ಈ ನಾಡಿನಲ್ಲಿ ಕತ್ತಿಗಿಂತ ಜೋಳದ ಚೀಲ ಮುಖ್ಯ. ತೋಪಿಗಿಂತ ಅದನ್ನು ಎಳೆಯುವ ಎತ್ತು ಮುಖ್ಯ. ಹೇರೆತ್ತುಗಳ ಮೇಲೆ ದವಸ ಸಾಗಿಸುವ ಲಮಾಣಿಗರನ್ನು ಹಣಕೊಟ್ಟು ಒಲಿಸಿಕೊಂಡನು. ಟಿಪ್ಪುವಿನ ಅಮೃತಮಹಲಿನ ಎತ್ತುಗಳು ತೋಪಿನ ಬಂಡಿಗಳಿಗೆ ಬಂದವು. ಮುಂದೆ ಸ್ಪೇನಿನಲ್ಲಿ ಯುದ್ಧಮಾಡುವಾಗ ಆ ಎತ್ತುಗಳನ್ನು ನೆನೆದು ಅವನು ಹಲುಬಿದನೆಂದು ಹೇಳುತ್ತಾರೆ. ತುಂಬಿದ ಹೊಳೆಗಳಲ್ಲಿ ಟಪಾಲು ಮತ್ತು ದವಸ ನಿಲ್ಲದಂತೆ ಮಲಪ್ರಭೆ, ಘಟಪ್ರಭೆ, ಕೃಷ್ಣೆಗಳಿಗೆ ಹರಗೋಲುಗಳನ್ನು ಕಟ್ಟಿಸಿದನು. ಯಾವ ಹೊಳೆ ಯಾವ ತಿಂಗಳಲ್ಲಿ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ನಮ್ಮ ಹೊಳೆಸಾಲಿನ ರೈತನಿಗೆ ತಿಳಿದಂತೆ ಅವನಿಗೂ ತಿಳಿದಿತ್ತು.

1803ರ ಆರಂಭದಲ್ಲಿ ಕಿತ್ತೂರಿನ ದೇಸಾಯಿಯು ಕಂಪನಿಯ ಆಶ್ರಯವನ್ನು ಬಯಸಿ, ಕಪ್ಪ ಕೊಡುವುದಲ್ಲದೆ, ಕೆಲಸ ಮಾಡಿಸಿಕೊಟ್ಟ ಅಧಿಕಾರಿಗೆ 4,000 ಹೊನ್ನುಗಳನ್ನೂ ವೆಲ್ಲೆಸ್ಲಿಗೆ 10,000 ಹೊನ್ನುಗಳನ್ನೂ ಕೊಡುವೆನೆಂದು ಹೇಳಿಕಳುಹಿಸಿದನು. ವೆಲ್ಲೆಸ್ಲಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಲಂಚ ಮುಟ್ಟುವುದು ಅಧಿಕಾರಿಗೆ ಮಾನಗೇಡೆಂದು ತಿಳಿಸಿ ಆ ಮಾತನ್ನು ಅಲ್ಲಿಗೇ ತಳ್ಳಿಹಾಕಿದನು. ಈ ಪ್ರಾಮಾಣಿಕತೆ ನಿಜವಾದುದು. ಆದರೆ ಆ ಪುಟ್ಟ ಸಂಸ್ಥಾನವು ಪೇಶ್ವೆಗೂ ಕಂಪನಿಗೂ ನಡುವೆ ಸಿಕ್ಕು ಉಳಿಯುವ ದಾರಿ ಹುಡುಕುತ್ತಿತ್ತೆಂಬುದು ಅವನಿಗೆ ದೊಡ್ಡ ಸಂಗತಿಯಾಗಿ ಕಾಣಲಿಲ್ಲ. ಅಂದು ಕಿತ್ತೂರನ್ನು ಆಳುತ್ತಿದ್ದವನು ಮಲ್ಲಸರ್ಜ. ಅವನ ರಾಣಿ ಚೆನ್ನಮ್ಮ.

ಅದೇ ವರ್ಷ ಮಾರ್ಚ್ 12ರಂದು, ಹೋಳ್ಕರನಿಗೆ ಹೆದರಿ ಪುಣೆಯಿಂದ ಓಡಿದ ಎರಡನೆಯ ಬಾಜೀರಾಯನನ್ನು ಮತ್ತೆ ಗಾದಿಯ ಮೇಲೆ ಕೂಡಿಸಲೆಂದು, ಸುಮಾರು 10,000 ಜನರ ದಂಡಿನೊಡನೆ ಅವನು ತುಂಗಭದ್ರೆಯನ್ನು ದಾಟಿದನು. ಧಾರವಾಡ ಸೀಮೆಯನ್ನು ಹಾದು, ಘಟಪ್ರಭೆ ಕೃಷ್ಣೆಗಳನ್ನು ದಾಟಿ, ಏಪ್ರಿಲ್ ಮೊದಲ ವಾರದಲ್ಲಿ ಮೀರಜವನ್ನು ಸೇರಿದನು. ನಮ್ಮ ಚಿಕ್ಕೋಡಿ, ನಿಪ್ಪಾಣಿಗಳ ಸೀಮೆಯು ಆಗ ಬಹಳ ನೊಂದಿತ್ತು. ಕೊಲ್ಹಾಪುರದವರಿಗೂ ಪಟವರ್ಧನರಿಗೂ ತೀರದ ವೈರ. 1799ರಲ್ಲಿ ಪರಶುರಾಮಭಾವು ಪಟವರ್ಧನನು ಪಟ್ಟಣಕುಡಿಯ ಕಾಳಗದಲ್ಲಿ ಬಿದ್ದಿದ್ದನು. ಯಾರ ದಂಡು ಬಂದರೂ ರೈತನ ಹಗೇವು ಬರಿದಾಗುತ್ತಿದ್ದ ಕಾಲವದು. ವೆಲ್ಲೆಸ್ಲಿಯ ದಂಡು ದವಸಕ್ಕೆ ಹಣ ಕೊಟ್ಟು, ಪೈರನ್ನು ತುಳಿಯದೆ ಹೋಯಿತು. ಜನರು ಊರುಬಿಟ್ಟು ಓಡಲಿಲ್ಲ. ಪಟವರ್ಧನರೂ ನಿಪ್ಪಾಣಿಯ ಅಪ್ಪಾ ದೇಸಾಯಿ ಸಿದ್ಧೋಜಿರಾವ್ ನಿಂಬಾಳಕರನೂ ತಮ್ಮ ಸವಾರರೊಡನೆ ಬಂದು ಕೂಡಿಕೊಂಡರು. ಏಪ್ರಿಲ್ 20ರಂದು ಅವನು ಪುಣೆಯಲ್ಲಿದ್ದನು.

ಅನಂತರ ಸಿಂಧ್ಯ ಮತ್ತು ನಾಗಪುರದ ಭೋಸಲೆಯರೊಡನೆ ಯುದ್ಧ. ಸಪ್ಟೆಂಬರ್ 23ರಂದು ಅಸ್ಸಾಯಿಯ ಬಳಿ ತನಗಿಂತ ಎಷ್ಟೋ ಮಡಿ ದೊಡ್ಡದಾದ ಸೈನ್ಯವು ಎದುರಾಯಿತು. ನಡುವೆ ಕೈಲನಾ ಹೊಳೆ. ಹಾಯ್ಗಡವಿಲ್ಲವೆಂದು ದಾರಿತೋರುವವರು ಹೇಳಿದರು. ಆದರೆ ಹೊಳೆಯ ಎರಡು ದಡಗಳಲ್ಲಿ ಎದುರುಬದುರಾಗಿ ಎರಡು ಹಳ್ಳಿಗಳು ಅವನ ಕಣ್ಣಿಗೆ ಬಿದ್ದವು. ಎರಡು ಹಳ್ಳಿಗಳು ಹೀಗಿದ್ದ ಮೇಲೆ ನಡುವೆ ಜನರು ದಾಟುವ ಜಾಗ ಇರಲೇಬೇಕೆಂದು ಅವನು ಊಹಿಸಿದನು. ಊಹೆ ಸರಿಯಾಯಿತು, ಅಲ್ಲಿಯೇ ದಾಟಿ ಗೆದ್ದನು. ಮೂರು ವರ್ಷ ನಮ್ಮ ಹೊಳೆಗಳ ದಡದಲ್ಲಿ ತಿರುಗಿದವನಿಗಲ್ಲದೆ ಇಂಥ ಊಹೆ ಇನ್ನಾರಿಗೆ ಹೊಳೆಯಬೇಕು? ಆದರೆ ಗೆಲವಿನ ಬೆಲೆ ಭಾರಿಯಾಗಿತ್ತು. ಅವನ ಕಡೆಯವರಲ್ಲಿ 1,500ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು. ವಾಟರ್ಲೂ ಗೆದ್ದ ಮೇಲೆಯೂ ತಾನು ಮಾಡಿದ ಯುದ್ಧಗಳಲ್ಲಿ ಅಸ್ಸಾಯಿಯೇ ಮೇಲಾದುದೆಂದು ಅವನು ಎಣಿಸುತ್ತಿದ್ದನು.

1805ರ ಮಾರ್ಚಿನಲ್ಲಿ ಅವನು ಹಿಂದುಸ್ತಾನವನ್ನು ಬಿಟ್ಟನು. ದಾರಿಯಲ್ಲಿ ಸೇಂಟ್ ಹೆಲೆನಾ ದ್ವೀಪದ ಒಂದು ಮನೆಯಲ್ಲಿ ಕೆಲದಿನ ಉಳಿದನು. ಹತ್ತು ವರ್ಷಗಳ ಅನಂತರ ಸೆರೆಯಾಳಾಗಿ ಬಂದ ನೆಪೋಲಿಯನ್ನನು ಮೊದಲು ಉಳಿದದ್ದೂ ಅದೇ ಮನೆಯ ಆವರಣದಲ್ಲಿ. ಊರಿಗೆ ಬಂದವನು 1806ರಲ್ಲಿ ಕಿಟ್ಟಿಯನ್ನೇ ಮದುವೆಯಾದನು. ಕೊಟ್ಟ ಮಾತನ್ನು ನಡೆಸಿದನೆಂಬುದೇನೋ ನಿಜ, ದಾಂಪತ್ಯವು ಸುಖವಾಗಲಿಲ್ಲ.

ಯುರೋಪಿನ ಯುದ್ಧಗಳನ್ನು ಪಠ್ಯಪುಸ್ತಕಗಳಲ್ಲಿ ಎಲ್ಲರೂ ಓದಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. 1808ರಿಂದ 1814ರವರೆಗೆ ಪೋರ್ತುಗಲ್, ಸ್ಪೇನ್‌ಗಳಲ್ಲಿ ಫ್ರೆಂಚರನ್ನು ಹಿಂದಕ್ಕೆ ತಳ್ಳಿದನು. ಅಲ್ಲಿಯೂ ನಮ್ಮ ನಾಡಿನಲ್ಲಿ ಕಲಿತ ಪದ್ಧತಿಯೇ: ದವಸಕ್ಕೆ ಹಣ ಕೊಡು, ಸುಲಿಯುವವನನ್ನು ದಂಡಿಸು, ದಾರಿ ಹೊಳೆಗಳನ್ನು ಮೊದಲು ತಿಳಿದುಕೊ. 1814ರಲ್ಲಿ ಡ್ಯೂಕ್ ಪದವಿ ಬಂದಿತು. 1815ರ ಜೂನ್ 18ರಂದು ವಾಟರ್ಲೂ ಬಯಲಿನಲ್ಲಿ, ಪ್ರಶ್ಯದ ಬ್ಲೂಖರನು ಸಕಾಲಕ್ಕೆ ಬಂದು ಕೂಡಿಕೊಂಡುದರಿಂದ, ನೆಪೋಲಿಯನ್ನನ ಕತೆ ಮುಗಿಯಿತು. ಸತ್ತವರ ಪಟ್ಟಿಯನ್ನು ಓದಿ ಹೇಳುತ್ತಿದ್ದಾಗ ಗೆದ್ದ ಸೇನಾಪತಿಯು ಕಣ್ಣೀರಿಟ್ಟನು.

ಮುತ್ಸದ್ದಿಯಾಗಿ ಅವನ ಪರೀಕ್ಷೆ ನಡೆದುದು ಇದಾದ ಮೇಲೆ. 1828ರ ಜನವರಿಯಲ್ಲಿ ಅವನು ಇಂಗ್ಲೆಂಡಿನ ಪ್ರಧಾನಮಂತ್ರಿಯಾದನು. ಆಗ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನಲ್ಲಿ ಕೂಡುವ ಹಕ್ಕಿರಲಿಲ್ಲ. ಐರ್ಲೆಂಡಿನ ಡೇನಿಯಲ್ ಓಕಾನಲ್ಲನು ಚುನಾವಣೆಯಲ್ಲಿ ಗೆದ್ದೂ ಒಳಗೆ ಹೋಗದಾದನು. ದೇಶವು ಅಂತರ್ಯುದ್ಧದ ಅಂಚಿಗೆ ಬಂದಿತು. ಡ್ಯೂಕನು ಹುಟ್ಟಾ ಸಂಪ್ರದಾಯವಾದಿ. ಆದರೂ ಯುದ್ಧದ ಕಷ್ಟವನ್ನು ಕಂಡವನಾದುದರಿಂದ ತನ್ನ ಹಳೆಯ ನಿಲುವನ್ನು ಬಿಟ್ಟು, ಒಪ್ಪದ ರಾಜನನ್ನೂ ಒಪ್ಪಿಸಿ, 1829ರ ಏಪ್ರಿಲಿನಲ್ಲಿ ಕ್ಯಾಥೊಲಿಕರಿಗೆ ಹಕ್ಕನ್ನು ಕೊಡಿಸಿದನು. ಇದರ ಸಲುವಾಗಿ ನಿಂದೆಯ ಮಾತಾಡಿದ ವಿಂಚಿಲ್ಸೀ ಎಂಬ ಶ್ರೀಮಂತನೊಡನೆ, ತನ್ನ ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಪಿಸ್ತೂಲಿನ ದ್ವಂದ್ವಯುದ್ಧಕ್ಕೂ ನಿಂತನು. ಯಾರಿಗೂ ಗಾಯವಾಗಲಿಲ್ಲ.

ಅದೇ 1829ರ ಫೆಬ್ರುವರಿಯಲ್ಲಿ ಇತ್ತ ಬೈಲಹೊಂಗಲದ ಸೆರೆಯಲ್ಲಿ ಕಿತ್ತೂರ ಚೆನ್ನಮ್ಮನು ಕಣ್ಣುಮುಚ್ಚಿದಳು. 1824ರಲ್ಲಿ ದತ್ತುಮಗನ ಹಕ್ಕಿಗಾಗಿ ಅವಳು ಕಂಪನಿಯ ವಿರುದ್ಧ ನಿಂತಿದ್ದಳು. ಥ್ಯಾಕರೆಯು ಕಿತ್ತೂರ ಕೋಟೆಯ ಮುಂದೆ ಬಿದ್ದಿದ್ದನು. ಡ್ಯೂಕನು ಪ್ರಧಾನಿಯಾಗಿದ್ದ ಕಾಲದಲ್ಲಿಯೇ ಸಂಗೊಳ್ಳಿ ರಾಯಣ್ಣನು ಎದ್ದನು, ಹಿಡಿಯಲ್ಪಟ್ಟನು. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಐರ್ಲೆಂಡಿನ ಕೂಗಿಗೆ ಲಂಡನ್ನಿನಲ್ಲಿ ಉತ್ತರ ಸಿಕ್ಕಿತು. ಕಿತ್ತೂರಿನ ಕೂಗಿಗೆ ಸಿಕ್ಕಿದ್ದು ಸೆರೆ ಮತ್ತು ಹಗ್ಗ. ಈ ಎರಡು ಇಸವಿಗಳನ್ನು ಅಕ್ಕಪಕ್ಕದಲ್ಲಿ ಬರೆದುಕೊಂಡ ದಿನ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತೆನು.

ಡ್ಯೂಕನ ಮುಂದಿನ ತಪ್ಪು ಅವನ ಸ್ವಂತ ಜನರ ವಿಷಯದಲ್ಲಿ. ಆಗಿನ ಇಂಗ್ಲೆಂಡಿನಲ್ಲಿ ಜನವಸತಿಯೇ ಇಲ್ಲದ ಓಲ್ಡ್ ಸಾರಮ್ಮಿಗೆ ಇಬ್ಬರು ಪ್ರತಿನಿಧಿಗಳು. ಗಿರಣಿಗಳಿಂದ ತುಂಬಿದ ಮ್ಯಾಂಚೆಸ್ಟರಿಗೆ ಒಬ್ಬನೂ ಇಲ್ಲ. ಇದನ್ನು ಸರಿಪಡಿಸಬೇಕೆಂದು ಜನರು ಕೂಗಿದರೆ, ಇರುವ ವ್ಯವಸ್ಥೆಯಲ್ಲಿ ಕೊರತೆಯೇ ಇಲ್ಲವೆಂದು 1830ರ ನವೆಂಬರ್ 2ರಂದು ಅವನು ಸಭೆಯಲ್ಲಿ ಸಾರಿದನು. ಎರಡು ವಾರಗಳಲ್ಲಿ ಸರಕಾರ ಬಿದ್ದಿತು. ಮರುವರ್ಷ ಜನರ ಗುಂಪು ಅವನ ಮನೆಯ ಗಾಜುಗಳನ್ನು ಕಲ್ಲಿನಿಂದ ಒಡೆಯಿತು; ಒಳಗೆ ಹೆಂಡತಿ ಕಿಟ್ಟಿಯ ಶವವಿತ್ತು. ಅವನು ಕಿಟಕಿಗಳಿಗೆ ಕಬ್ಬಿಣದ ಬಾಗಿಲುಗಳನ್ನು ಹಾಕಿಸಿದನು. ಹೊಳೆಯ ಏರಿಳಿತವನ್ನು ದೂರದಿಂದಲೇ ಅಳೆಯಬಲ್ಲವನಿಗೆ ತನ್ನ ಬಾಗಿಲಿಗೆ ಬಂದ ಜನರ ಏರಿಳಿತ ತಿಳಿಯಲಿಲ್ಲ. ಆದರೂ 1832ರಲ್ಲಿ, ಇನ್ನು ತಡೆದರೆ ದೇಶ ಹೊತ್ತೀತೆಂದು ಕಂಡಾಗ, ತನ್ನ ಪಕ್ಷದ ಶ್ರೀಮಂತರೊಡನೆ ಮತ ಹಾಕದೆ ಹಿಂದೆ ಸರಿದು ಸುಧಾರಣೆಯ ಮಸೂದೆಗೆ ದಾರಿಬಿಟ್ಟನು. 1846ರಲ್ಲಿ ಐರ್ಲೆಂಡಿನಲ್ಲಿ ಬಟಾಟೆಯ ಬೆಳೆ ಹಾಳಾಗಿ ಜನರು ಹಸಿದಾಗ, ವಿದೇಶದ ಧಾನ್ಯಕ್ಕೆ ಸುಂಕ ಹಾಕುತ್ತಿದ್ದ ಕಾಯಿದೆಯನ್ನು ತೆಗೆದುಹಾಕಲು, ತನಗೆ ಮನಸ್ಸಿಲ್ಲದಿದ್ದರೂ, ಶ್ರೀಮಂತರ ಸಭೆಯನ್ನು ಒಪ್ಪಿಸಿದನು. 1852ರ ಸಪ್ಟೆಂಬರ್ 14ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡನು. ಒಂದು ಕಾಲಕ್ಕೆ ಕಲ್ಲೆಸೆದ ಲಂಡನ್ನಿನ ಜನರೇ ಲಕ್ಷೋಪಲಕ್ಷವಾಗಿ ಬೀದಿಗಳಲ್ಲಿ ನಿಂತು ಅವನನ್ನು ಸೇಂಟ್ ಪಾಲ್ಸ್ ದೇವಾಲಯಕ್ಕೆ ಕಳುಹಿಸಿಕೊಟ್ಟರು.

ಅವನೊಡನೆ ಸವಾರಿ ಹೊರಟ ನಿಪ್ಪಾಣಿಯ ದೇಸಾಯಿಯ ಗತಿ ಏನಾಯಿತೆಂದು ಕೇಳಬಹುದು. 1818ರಲ್ಲಿ ಪೇಶ್ವೆಗಿರಿ ಮುಗಿದಾಗ, ಕಂಪನಿಯ ಪಕ್ಷಕ್ಕೆ ಬರಲು ತಡಮಾಡಿದನೆಂದು ಚಿಕ್ಕೋಡಿ, ಮುನವಳ್ಳಿಗಳನ್ನು ಅವನಿಂದ ಕಸಿದು ಕೊಲ್ಹಾಪುರಕ್ಕೆ ಕೊಟ್ಟರು. 1827ರಲ್ಲಿ ಅವರಿಂದಲೂ ತೆಗೆದುಕೊಂಡರು. 1839ರಲ್ಲಿ ಸಿದ್ಧೋಜಿರಾವನು ತೀರಿಕೊಂಡ ಮೇಲೆ ಸಂಸ್ಥಾನವೂ ಹೋಯಿತು.

ಹಾಗಾದರೆ ನನ್ನ ಪ್ರಶ್ನೆಗೆ ಉತ್ತರವೇನು? ಡ್ಯೂಕನು ನಮ್ಮ ಹೊಳೆ, ಎತ್ತು, ದವಸಗಳನ್ನು ಚೆನ್ನಾಗಿ ಅರಿತನು. ಆ ಹೊಳೆಯ ದಡದ ಜನರಿಗೂ ಒಂದು ಮಾತು ಇದೆಯೆಂಬುದನ್ನು ಅರಿಯಲಿಲ್ಲ. ತನ್ನ ದೇಶದಲ್ಲಿ ಅವನು ದೊಡ್ಡವನಾಗಿ ಕಾಣುವುದು ಹಟವನ್ನು ಬಿಟ್ಟ ಮೂರು ಸಲ. ಇಲ್ಲಿ ಅವನ ಕಂಪನಿ ಹಟ ಬಿಡಬೇಕಾದ ಅವಶ್ಯಕತೆ ಬರಲಿಲ್ಲ, ಏಕೆಂದರೆ ಅವನ ಪಾರ್ಲಿಮೆಂಟಿನಲ್ಲಿ ನಮ್ಮ ಪರವಾಗಿ ಕೂಗಲು ಒಬ್ಬ ಓಕಾನಲ್ಲನೂ ಇರಲಿಲ್ಲ. ಲಂಚ ಮುಟ್ಟದ ಕೈ, ಕೆಲಸದಲ್ಲಿ ನಿಷ್ಠೆ, ದಾರಿಯನ್ನು ಮೊದಲು ತಿಳಿದುಕೊಳ್ಳುವ ಬುದ್ಧಿ, ಇವನ್ನು ನಾವು ಅವನಿಂದ ಕಲಿಯಬಹುದು. ಶತ್ರುವಿನಿಂದ ಕಲಿತರೆ ಅವಮಾನವಿಲ್ಲ. ನಾಳೆ ನಮ್ಮಲ್ಲಿ ಕೆಲವರು ತಹಶೀಲದಾರರಾಗಬಹುದು, ಅಧ್ಯಾಪಕರಾಗಬಹುದು, ಶಾಸನಸಭೆಗೂ ಹೋಗಬಹುದು. ಆಗ ಹೊಳೆಯ ನೀರನ್ನು ಅಳೆದಷ್ಟೇ ಎಚ್ಚರದಿಂದ ದಡದ ಜನರ ಮಾತನ್ನೂ ಕೇಳಿದರೆ, ಈ ಡ್ಯೂಕನ ಚರಿತ್ರೆಯನ್ನು ಓದಿದುದು ಸಾರ್ಥಕವಾಯಿತೆಂದು ನಾನು ತಿಳಿಯುತ್ತೇನೆ. ಮುಖ ಸಿಂಡರಿಸಿದ ಗೆಳೆಯರೂ ಇಷ್ಟನ್ನು ಒಪ್ಪಿಯಾರೆಂದು ನನ್ನ ನಂಬಿಕೆ.